ಕ್ವಿಬೆಕ್‌ನ ಹಳೆಯ ವಕೀಲ-ರಾಜಕಾರಣಿಯ ಬದುಕನ್ನು ದಾಖಲೆಗಳಿಂದ ಕಟ್ಟುವುದು ಹೇಗೆ

19ನೇ ಶತಮಾನದ ಫ್ರೆಂಚ್-ಕೆನಡಿಯನ್ ವಕೀಲ-ರಾಜಕಾರಣಿಯೊಬ್ಬರ ಜೀವನಚಿತ್ರ ಬರೆಯಲು ಹೊರಟವರು ಹೆಚ್ಚಾಗಿ ಭಾಷಣಗಳಿಂದ ಶುರು ಮಾಡುತ್ತಾರೆ. ಅಲ್ಲೇ ಎಡವುತ್ತಾರೆ. ಆ ಕಾಲದ ಭಾಷಣ ನಮ್ಮ ಕೈಗೆ ಸಿಗುವುದು ಯಾವುದೋ ಪಕ್ಷದ ಪತ್ರಿಕೆಯ ಮೂಲಕ, ಅದರ ಬಣ್ಣ ಬಳಿದುಕೊಂಡು. ಅದೇ ಮನುಷ್ಯ ಹುಟ್ಟಿದಂದಿನಿಂದ ಮಣ್ಣಾಗುವವರೆಗೆ ಚರ್ಚ್, ನೋಟರಿ, ನ್ಯಾಯಾಲಯ ಈ ಮೂರರ ಪುಸ್ತಕಗಳಲ್ಲಿ ಸಹಿ ಹಾಕುತ್ತಲೇ ಇರುತ್ತಾನೆ. ಮೊದಲು ಸಹಿಗಳನ್ನು ಹುಡುಕಿ, ಮಾತು ಆಮೇಲೆ. ಉದಾಹರಣೆಗೆ ಜಾರ್ಜ್-ಎತಿಯೆನ್ ಕಾರ್ತಿಯೆಯನ್ನು ಇಟ್ಟುಕೊಳ್ಳೋಣ. 1814ರಲ್ಲಿ ರಿಶೆಲ್ಯು ನದಿಯ ದಂಡೆಯ ಸೇಂತ್-ಆಂತ್ವಾನ್‌ನಲ್ಲಿ ಹುಟ್ಟಿ, 1835ರಲ್ಲಿ ವಕೀಲನಾಗಿ, 1837ರಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ಎದ್ದ ದಂಗೆಯಲ್ಲಿ ಸೇನೆಯ ವಿರುದ್ಧ ನಿಂತು, ಮೂವತ್ತು ವರ್ಷಗಳ ನಂತರ ಅದೇ ದೇಶದ ರಕ್ಷಣಾ ಮಂತ್ರಿಯಾದವರು. ದಾಖಲೆಗಳು ಎಲ್ಲಿ ದಾರಿ ತೋರುತ್ತವೆ, ಎಲ್ಲಿ ತಪ್ಪಿಸುತ್ತವೆ ಎನ್ನುವುದಕ್ಕೆ ಇವರಿಗಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಮೊದಲು ಒಂದು ಕೋಷ್ಟಕ

ಐದು ಅಂಕಣಗಳ ಕೋಷ್ಟಕ ಹಾಕಿಕೊಳ್ಳಿ: ದಿನಾಂಕ, ಸ್ಥಳ, ಘಟನೆ, ದಾಖಲೆ, ಕೊನೆಯದಾಗಿ "ಬರೆದವರು ಯಾರು, ಘಟನೆಯಾಗಿ ಎಷ್ಟು ದಿನಕ್ಕೆ". ಈ ಐದನೆಯ ಅಂಕಣವನ್ನು ಬಿಟ್ಟವರು ಮುಂದೆ ಎರಡು ದಿನಾಂಕಗಳು ಹೊಂದದೇ ಹೋದಾಗ ಯಾವುದನ್ನು ನಂಬಬೇಕೆಂದು ತಿಳಿಯದೆ ಪೇಚಾಡುತ್ತಾರೆ.

ಕೋಷ್ಟಕದ ಎಲುಬುಗೂಡಿಗೆ ಕೆನಡಿಯನ್ ಜೀವನಚರಿತ್ರೆ ನಿಘಂಟು ಸಾಕು. ಜಾಲದಲ್ಲಿ ಉಚಿತವಾಗಿದೆ, ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲೂ. ಅದರ ಸಂಪುಟಗಳನ್ನು ಜೋಡಿಸಿರುವುದು ಹುಟ್ಟಿದ ವರ್ಷದಿಂದಲ್ಲ, ಸತ್ತ ವರ್ಷದಿಂದ. 1873ರಲ್ಲಿ ತೀರಿಕೊಂಡ ಕಾರ್ತಿಯೆ 10ನೇ ಸಂಪುಟದಲ್ಲಿ, 1864ರಲ್ಲಿ ತೀರಿಕೊಂಡ ಇನ್ನೊಬ್ಬ ವಕೀಲ-ರಾಜಕಾರಣಿ ಲೂಯಿ-ಇಪೊಲಿತ್ ಲಾಫೊಂತೇನ್ 9ನೆಯದರಲ್ಲಿ ಸಿಗುತ್ತಾರೆ. ಕ್ವಿಬೆಕ್ ರಾಷ್ಟ್ರೀಯ ಸಭೆಯ ಜಾಲತಾಣದಲ್ಲಿ ಪ್ರತಿ ಸದಸ್ಯರ ಕ್ಷೇತ್ರ ಮತ್ತು ಚುನಾವಣಾ ದಿನಾಂಕಗಳಿವೆ. ಇವೆರಡರಿಂದ ಎತ್ತಿಕೊಂಡ ಸಾಲುಗಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಮೂಲ ದಾಖಲೆ ಕಣ್ಣಾರೆ ಕಂಡ ಮೇಲಷ್ಟೇ ಶಾಯಿ.

ಕೋಷ್ಟಕದ ಪಕ್ಕದಲ್ಲೇ ಊರುಗಳ ಪಟ್ಟಿಯೊಂದು ಇರಲಿ. ಒಂದೇ ನೆಲ 1791ರಿಂದ 1841ರವರೆಗೆ ಕೆಳ ಕೆನಡಾ, 1867ರವರೆಗೆ ಪೂರ್ವ ಕೆನಡಾ, ಆಮೇಲೆ ಕ್ವಿಬೆಕ್. ಮೇಲಿನ ಕೆನಡಾ, ಕೆಳ ಕೆನಡಾ ಎರಡೂ ಕೂಡಿ ಆದ ಸಂಯುಕ್ತ ಪ್ರಾಂತ್ಯದ ರಾಜಧಾನಿಯೂ ಒಂದೆಡೆ ನಿಲ್ಲಲಿಲ್ಲ: 1841ರಲ್ಲಿ ಕಿಂಗ್‌ಸ್ಟನ್, 1844ರಿಂದ ಮಾಂಟ್ರಿಯಲ್, 1849ರ ನಂತರ ಟೊರಾಂಟೊಗೂ ಕ್ವಿಬೆಕ್ ನಗರಕ್ಕೂ ಮಧ್ಯೆ ಓಡಾಟ, 1866ಕ್ಕೆ ಒಟ್ಟಾವಾ. ಮಾಂಟ್ರಿಯಲ್ ವಕೀಲನೊಬ್ಬ 1857ರಲ್ಲಿ ಟೊರಾಂಟೊದಿಂದ ಪತ್ರ ಬರೆದಿದ್ದರೆ ಅವನು ಮನೆ ಬದಲಿಸಿದ್ದಾನೆ ಎಂದುಕೊಳ್ಳಬೇಡಿ. ಅಧಿವೇಶನ ನಡೆಯುತ್ತಿದೆ, ಅಷ್ಟೇ.

ಚರ್ಚ್ ರಿಜಿಸ್ಟರ್

ಆ ಕಾಲದ ಕ್ವಿಬೆಕ್‌ನಲ್ಲಿ ಜನನ, ಮದುವೆ, ಮರಣದ ಸರ್ಕಾರಿ ದಾಖಲೆ ಎಂದರೆ ಪ್ಯಾರಿಷ್ ಪುಸ್ತಕವೇ. ಪಾದ್ರಿ ಎರಡು ಪ್ರತಿ ಬರೆಯುತ್ತಿದ್ದರು. ಒಂದು ಚರ್ಚಿನಲ್ಲಿ ಉಳಿಯುತ್ತಿತ್ತು, ಇನ್ನೊಂದು ವರ್ಷದ ಕೊನೆಗೆ ನ್ಯಾಯಾಲಯಕ್ಕೆ ಹೋಗುತ್ತಿತ್ತು. ಒಂದರಲ್ಲಿ ಶಾಯಿ ಹರಡಿದ್ದರೆ ಅಥವಾ ಹಾಳೆ ಹರಿದಿದ್ದರೆ ಇನ್ನೊಂದನ್ನು ತರಿಸಿ. ನ್ಯಾಯಾಲಯದ ಪ್ರತಿಗಳು ಈಗ ಕ್ವಿಬೆಕ್ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದಲ್ಲಿವೆ. 20ನೇ ಶತಮಾನದಲ್ಲಿ ದ್ರುವೆಂ ಸಂಸ್ಥೆ ತೆಗೆದ ಮೈಕ್ರೋಫಿಲ್ಮ್‌ಗಳು ವಂಶಾವಳಿ ಜಾಲತಾಣಗಳಲ್ಲಿ ಸಿಗುತ್ತವೆ.

ಜ್ಞಾನಸ್ನಾನದ ನಮೂದಿನಲ್ಲಿ ದಿನಾಂಕ ಅಂಕಿಯಲ್ಲಿರುವುದಿಲ್ಲ, ಅಕ್ಷರದಲ್ಲಿರುತ್ತದೆ. ಮೊದಲ ಸಾಲಿನ ದಿನ ಜ್ಞಾನಸ್ನಾನದ್ದು. ಹುಟ್ಟಿದ್ದು "ಇಂದು", "ನಿನ್ನೆ", "ಮೊನ್ನೆ" ಎಂದು ಮಗುವಿನ ಹೆಸರಿನ ನಂತರ ಬರುತ್ತದೆ. ಮೊದಲ ಸಾಲನ್ನೇ ಜನ್ಮದಿನವೆಂದು ನಕಲು ಮಾಡಿದರೆ ಒಂದೆರಡು ದಿನ ತಪ್ಪುತ್ತದೆ. ಎಷ್ಟೋ ಜೀವನಚಿತ್ರಗಳಲ್ಲಿ ಎರಡೆರಡು ಜನ್ಮದಿನಗಳು ಓಡಾಡುವುದಕ್ಕೆ ಇದೇ ಕಾರಣ.

ಪತ್ರಗಳಲ್ಲೂ ಅಂಚಿನ ಟಿಪ್ಪಣಿಗಳಲ್ಲೂ ತಿಂಗಳನ್ನು ಮೊಟಕುಗೊಳಿಸುವ ರೂಢಿ ಇನ್ನೂ ಅಪಾಯದ್ದು. 7ರ ಅಂಕಿಯ ಮುಂದೆ ಪುಟ್ಟದಾಗಿ "ಬ್ರ್" ಎಂದಿದ್ದರೆ ಅದು ಸೆಪ್ಟೆಂಬರ್, ಜುಲೈ ಅಲ್ಲ. 8 ಅಕ್ಟೋಬರ್, 9 ನವೆಂಬರ್, 10 ಅಥವಾ ರೋಮನ್ ಹತ್ತರ ಗುರುತು ಡಿಸೆಂಬರ್. ಹಳೆಯ ರೋಮನ್ ಎಣಿಕೆ ಕೈಬರಹದಲ್ಲಿ ಹಾಗೇ ಉಳಿದುಕೊಂಡಿತ್ತು.

ಹೆಸರು ಸಿಗದಿದ್ದರೆ ಜೋಡಿ ಮನೆತನದ ಹೆಸರನ್ನು ನೆನಪಿಸಿಕೊಳ್ಳಿ. ಲಾಫೊಂತೇನ್ 1807ರಲ್ಲಿ ಬೂಷೆರ್ವಿಲ್‌ನಲ್ಲಿ ಹುಟ್ಟಿದ್ದು "ಮೆನಾರ್ ಉರುಫ್ ಲಾಫೊಂತೇನ್" ಎಂಬ ಮನೆತನದಲ್ಲಿ, ಹಾಗಾಗಿ ಸೂಚಿಯಲ್ಲಿ ಮೆನಾರ್ ಅಡಿಯಲ್ಲೂ ನೋಡಬೇಕು. ಕಾರ್ತಿಯೆಯ ಮೊದಲ ಹೆಸರನ್ನು ಮೂರನೇ ಜಾರ್ಜ್ ದೊರೆಯ ಗೌರವಕ್ಕೆ ಇಂಗ್ಲಿಷ್ ರೀತಿಯಲ್ಲಿ ಇಟ್ಟದ್ದು. ಫ್ರೆಂಚ್ ಕಾಗುಣಿತದಲ್ಲಿ ಹುಡುಕಿದರೆ ಅರ್ಧ ಫಲಿತಾಂಶಗಳು ಜಾರಿಹೋಗುತ್ತವೆ. ಹೆಂಗಸರದ್ದು ಸುಲಭ, ಮದುವೆಯ ನಂತರವೂ ದಾಖಲೆಗಳಲ್ಲಿ ತವರಿನ ಹೆಸರೇ.

ಮದುವೆಯ ನಮೂದನ್ನು ಕೊನೆಯ ಸಹಿಯವರೆಗೆ ಓದಿ. ಕಾರ್ತಿಯೆ 1846ರಲ್ಲಿ ಓರ್ತಾನ್ಸ್ ಫಾಬ್ರ್‌ಳನ್ನು ಮದುವೆಯಾದರು. ಅವಳ ತಂದೆ ಎದುವಾರ್-ರೇಮೋಂ ಫಾಬ್ರ್ ಪುಸ್ತಕ ವ್ಯಾಪಾರಿ, 1849ರಲ್ಲಿ ಮಾಂಟ್ರಿಯಲ್ ಮೇಯರ್. ಒಬ್ಬ ಅಣ್ಣತಮ್ಮ ಮುಂದೆ ಮಾಂಟ್ರಿಯಲ್‌ನ ಬಿಷಪ್, ಇನ್ನೊಬ್ಬ ಪತ್ರಕರ್ತ. ಆ ಕಾಲದಲ್ಲಿ ಪಕ್ಷ ಕಟ್ಟುತ್ತಿದ್ದುದು ಇಂಥ ನಂಟಸ್ತಿಕೆಗಳ ಮೇಲೆ. ನಂಟರು ಎಂದಮಾತ್ರಕ್ಕೆ ಒಂದೇ ಪಕ್ಷದವರು ಎಂದೇನೂ ಅಲ್ಲ, ಮಾವ ಕೊನೆಯವರೆಗೂ 1837ರ ದಂಗೆಯ ನಾಯಕ ಪಾಪಿನೋ ಕಡೆಯವರು.

ನೋಟರಿ ಕಡತ: ಇಲ್ಲಿ ಹೆಚ್ಚು ಹೊತ್ತು ಕೂರಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ, ಅತಿ ಕಡಿಮೆ ಜನ ನೋಡುವುದೂ ಇದನ್ನೇ. ಕ್ವಿಬೆಕ್‌ನ ನೋಟರಿ ಬರೀ ಮುದ್ರೆ ಒತ್ತುವವನಲ್ಲ. ಖಾಸಗಿ ಕಾನೂನು ಅಲ್ಲಿ ಫ್ರೆಂಚ್ ಮೂಲದ್ದಾಗಿಯೇ ಉಳಿದಿದ್ದರಿಂದ ಮದುವೆ ಕರಾರು, ಜಮೀನು ಮಾರಾಟ, ಸಾಲ, ಪಾಲುದಾರಿಕೆ, ಉಯಿಲು, ಸತ್ತ ನಂತರದ ಆಸ್ತಿ ಪಟ್ಟಿ ಎಲ್ಲವೂ ಅವನ ಮುಂದೆಯೇ. ವಕೀಲಿಕೆ ಕಲಿಯಲು ಹುಡುಗನೊಬ್ಬ ಹಿರಿಯ ವಕೀಲರ ಕಚೇರಿ ಸೇರುವಾಗಿನ ಕರಾರು ಕೂಡ ಅಲ್ಲೇ. ಕಾರ್ತಿಯೆ ಕಲಿತದ್ದು ಎತಿಯೆನ್ ರೋದಿಯೆ ಕಚೇರಿಯಲ್ಲಿ. ರೋದಿಯೆ ಸ್ವತಃ ಮುಂದೆ ದಂಗೆಗಿಳಿದ ಪಾತ್ರಿಯೋತ್ ಪಕ್ಷದ ಶಾಸನಸಭಾ ಸದಸ್ಯ. ಹುಡುಗ 1837ರಲ್ಲಿ ಯಾವ ಕಡೆ ನಿಂತ ಎನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಪ್ರತಿ ನೋಟರಿಯ ಕಡತದಲ್ಲಿ ಮೂರು ಭಾಗ: ಮೂಲ ಪತ್ರಗಳು, ದಿನಾಂಕದ ಕ್ರಮದ ಪಟ್ಟಿ, ಹೆಸರಿನ ಸೂಚಿ. ಹುಡುಕುವ ಕ್ರಮ ಹೀಗಿರಲಿ. ಮನೆತನ ಯಾವ ನೋಟರಿಯ ಬಳಿ ಹೋಗುತ್ತಿತ್ತು ಎಂದು ಮದುವೆ ಕರಾರಿನಿಂದ ಪತ್ತೆ ಮಾಡಿ. ಕರಾರು ಸಾಮಾನ್ಯವಾಗಿ ಮದುವೆಗೆ ಕೆಲವೇ ದಿನ ಮುಂಚಿನದು, ಆದ್ದರಿಂದ ಚರ್ಚಿನ ದಿನಾಂಕದಿಂದ ಹಿಂದಕ್ಕೆ ಒಂದು ತಿಂಗಳ ಪಟ್ಟಿ ನೋಡಿದರೆ ಬಹುಪಾಲು ಸಿಗುತ್ತದೆ. ಅದೇ ನೋಟರಿಯ ಹೆಸರಿನ ಸೂಚಿಯನ್ನು ಮುಂದಿನ ಇಪ್ಪತ್ತು ವರ್ಷಕ್ಕೆ ಜಾಲಾಡಿ. ಸೂಚಿ ಇಲ್ಲದಿದ್ದರೆ ದಿನಾಂಕದ ಪಟ್ಟಿಯೇ ಗತಿ, ನಿಧಾನವಾದರೂ ಮೋಸವಿಲ್ಲ. ಪಟ್ಟಿಯಲ್ಲಿ ನಮೂದಿದ್ದೂ ಪತ್ರ ಸಿಗದೇ ಹೋದರೆ ಕಳುವಾಗಿದೆ ಎಂದು ಬರೆಯಬೇಡಿ. ಕೆಲವು ಬಗೆಯ ಪತ್ರಗಳ ಮೂಲವನ್ನೇ ಕಕ್ಷಿದಾರರ ಕೈಗೆ ಕೊಡುವ ಪದ್ಧತಿಯಿತ್ತು, ನೋಟರಿಯ ಬಳಿ ಉಳಿಯುತ್ತಿದ್ದುದು ಪಟ್ಟಿಯ ಸಾಲು ಮಾತ್ರ.

ಪತ್ರ ಕೈಗೆ ಬಂದಾಗ ಕೊನೆಯ ಹಾಳೆಯಿಂದ ಓದಿ. ಎಲ್ಲಿ ಬರೆದದ್ದು, ಯಾವ ದಿನ, ಓದಿ ಹೇಳಿದ ಮೇಲೆ ಯಾರು ಸಹಿ ಹಾಕಿದರು, ಯಾರು "ಸಹಿ ಹಾಕಲು ಬರುವುದಿಲ್ಲ" ಎಂದರು, ಎಲ್ಲ ಅಲ್ಲಿದೆ. ಸಹಿಗಳ ಮೇಲೆ ಎಷ್ಟು ಪದ ಹೊಡೆದುಹಾಕಿದೆ, ಅಂಚಿನಲ್ಲಿ ಎಷ್ಟು ಸೇರ್ಪಡೆಯಿದೆ ಎಂಬ ಎಣಿಕೆ ಇರುತ್ತದೆ. ಅಂಚಿನ ಸೇರ್ಪಡೆಗಳಿಗೆ ಪುಟ್ಟ ಸಹಿಗಳೂ ಇರುತ್ತವೆ. ಚಿತ್ರ ತೆಗೆಯುವಾಗ ಅಂಚನ್ನು ಕತ್ತರಿಸಿದರೆ ಒಂದು ಷರತ್ತೇ ಮಾಯವಾಗಬಹುದು. ಪ್ರತಿ ಹಾಳೆಯ ಎರಡೂ ಬದಿಯನ್ನು ಪೂರ್ತಿ ತೆಗೆಯಿರಿ. ನೋಟರಿಯ ಹೆಸರು, ದಿನಾಂಕ, ಪತ್ರದ ಸಂಖ್ಯೆ ಮೂರನ್ನೂ ಕೋಷ್ಟಕಕ್ಕೆ ಏರಿಸಿ. ಸಂಖ್ಯೆ ಇಲ್ಲದಿದ್ದರೆ ಮತ್ತೊಬ್ಬರು ಆ ಪತ್ರವನ್ನು ಹುಡುಕಿ ನೋಡಲಾರರು.

ಇನ್ನು ದುಡ್ಡು. ಒಂದೇ ಕಡತದಲ್ಲಿ ನಾಲ್ಕು ಲೆಕ್ಕ ಬರಬಹುದು. ಹ್ಯಾಲಿಫ್ಯಾಕ್ಸ್ ಲೆಕ್ಕದ 1 ಪೌಂಡ್ ಎಂದರೆ 4 ಡಾಲರ್. ಇಂಗ್ಲೆಂಡಿನ ಸ್ಟರ್ಲಿಂಗ್ ಪೌಂಡ್ ಸುಮಾರು 4.87 ಡಾಲರ್. ಹಳೆಯ ಫ್ರೆಂಚ್ ಲಿವ್ರ್ 24 ಸೇರಿದರೆ ಹ್ಯಾಲಿಫ್ಯಾಕ್ಸ್‌ನ 1 ಪೌಂಡ್, ಅಂದರೆ 6 ಲಿವ್ರ್‌ಗೆ 1 ಡಾಲರ್. ಸರ್ಕಾರದ ಲೆಕ್ಕ 1858ರ ಜನವರಿ 1ರಿಂದ ಡಾಲರಿಗೆ ತಿರುಗಿತು. 500 ಪೌಂಡ್ ಎಂದು ಕಂಡರೆ ಪಕ್ಕದಲ್ಲಿ "ಕೂರಾಂ" (ಹ್ಯಾಲಿಫ್ಯಾಕ್ಸ್ ಲೆಕ್ಕ) ಇದೆಯೋ "ಸ್ಟರ್ಲಿಂಗ್" ಇದೆಯೋ ನೋಡಿ: ಮೊದಲನೆಯದಾದರೆ 2,000 ಡಾಲರ್, ಎರಡನೆಯದಾದರೆ ಸುಮಾರು 2,433. ಸೀನ್ಯೂರಿ ಎಂಬ ಜಮೀನ್ದಾರರಿಗೆ ಕಟ್ಟುವ ನೆಲಬಾಡಿಗೆ ಲಿವ್ರ್‌ನಲ್ಲೇ ಉಳಿದಿತ್ತು. ಅದನ್ನು ಪೌಂಡ್ ಎಂದು ಓದಿದರೆ ಬಡ ರೈತ 24 ಪಟ್ಟು ಶ್ರೀಮಂತನಾಗಿಬಿಡುತ್ತಾನೆ.

ವಕೀಲನಾದ ದಿನ, ಕಚೇರಿಯ ವಿಳಾಸ

ಸನ್ನದಿನ ಕಾಗದ ಎಲ್ಲಿದೆ ಎನ್ನುವುದು ವರ್ಷದ ಮೇಲೆ ನಿಂತಿದೆ. 1849ಕ್ಕೆ ಮುಂಚೆ ಅಭ್ಯರ್ಥಿಯನ್ನು ಪರೀಕ್ಷಿಸಿದವರು ನ್ಯಾಯಾಧೀಶರು, ಸನ್ನದು ಗವರ್ನರ್ ಹೆಸರಿನಲ್ಲಿ. ಆ ವರ್ಷ ಕೆಳ ಕೆನಡಾದ ವಕೀಲರ ಪರಿಷತ್ತು ಕಾಯ್ದೆಯಿಂದ ಹುಟ್ಟಿತು, ಮುಂದೆ ಪರೀಕ್ಷೆಯೂ ಪಟ್ಟಿಯೂ ಅದರ ಕೈಗೆ. ವಯಸ್ಸಿನ ತಾಳೆ ನೋಡಲು ಒಂದು ಸರಳ ಲೆಕ್ಕ: ಹತ್ತು-ಹನ್ನೊಂದಕ್ಕೆ ಪಾದ್ರಿಗಳ ಕಾಲೇಜು, ಅಲ್ಲಿ ಏಳೆಂಟು ವರ್ಷ, ನಂತರ ವಕೀಲರ ಕಚೇರಿಯಲ್ಲಿ ನಾಲ್ಕೈದು ವರ್ಷ. 21 ತುಂಬದೆ ಸನ್ನದಿಲ್ಲ. ಹದಿನೆಂಟಕ್ಕೆ ವಕೀಲನಾದ ಎಂದು ಯಾರಾದರೂ ಬರೆದಿದ್ದರೆ ಜನ್ಮದಿನವೋ ಸನ್ನದಿನ ದಿನವೋ ತಪ್ಪಿದೆ, ಇಲ್ಲವೇ ಅದೇ ಹೆಸರಿನ ಬೇರೊಬ್ಬ ಸೇರಿಕೊಂಡಿದ್ದಾನೆ.

ಮಾಂಟ್ರಿಯಲ್‌ನ ವಿಳಾಸ ಪುಸ್ತಕಗಳು 1842ರಿಂದ ಸಿಗುತ್ತವೆ, ಮುಂದೆ ಲವೆಲ್ ಹೆಸರಿನಲ್ಲಿ ಪ್ರಸಿದ್ಧವಾದವು. ವರ್ಷವರ್ಷವೂ ನೋಡುತ್ತ ಹೋದರೆ ಕಚೇರಿಯ ಪಾಲುದಾರರು ಬದಲಾಗುವುದು ಕಾಣುತ್ತದೆ. ಕಾರ್ತಿಯೆ ಜೊತೆ ಮೊದಲು ಸಹೋದರ ದಾಮಿಯಾಂ, ಆಮೇಲೆ ಬೆರ್ತಲೋ, ನಂತರ ಪೊಮಿನ್‌ವಿಲ್. ಬಾಡಿಗೆ ಕರಾರುಗಳು ಮೇ 1ಕ್ಕೆ ಬದಲಾಗುತ್ತಿದ್ದ ನಗರವದು. ಹಾಗಾಗಿ ಪುಸ್ತಕದ ವಿಳಾಸ ಆ ವರ್ಷದ ಮೇಯಿಂದ ಮುಂದಿನ ಮೇವರೆಗೆ ಎಂದು ಎಣಿಸುವುದು ಸುರಕ್ಷಿತ.

ಜನಗಣತಿಯಿಂದ ಅತಿಯಾಗಿ ಏನನ್ನೂ ನಿರೀಕ್ಷಿಸಬೇಡಿ. 1825, 1831, 1842ರ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. 1851ರದ್ದು ನಿಜವಾಗಿ ನಡೆದದ್ದು 1852ರ ಜನವರಿಯಲ್ಲಿ, ಮಾಂಟ್ರಿಯಲ್ ನಗರದ ಹಾಳೆಗಳಲ್ಲಿ ಬಹಳಷ್ಟು ಉಳಿದಿಲ್ಲ. 1851 ಮತ್ತು 1861ರಲ್ಲಿ ಕೇಳಿದ್ದು ಮುಂದಿನ ಹುಟ್ಟುಹಬ್ಬಕ್ಕೆ ಎಷ್ಟಾಗುತ್ತದೆ ಎಂದು. ಅದನ್ನು ಆಗಿನ ವಯಸ್ಸೆಂದು ತಿಳಿದರೆ ಜನ್ಮವರ್ಷದ ಲೆಕ್ಕ ಕೆಡುತ್ತದೆ.

ಚುನಾವಣೆಯ ಸಾಲುಗಳನ್ನು ಓದುವ ಬಗೆ

ಅತಿ ಹೆಚ್ಚು ತಪ್ಪು ತೀರ್ಮಾನಗಳು ಹುಟ್ಟುವ ಜಾಗ ಇದು. ಮೂರು ನಿಯಮಗಳನ್ನು ತಲೆಯಲ್ಲಿಟ್ಟುಕೊಂಡರೆ ಬಹುಪಾಲು ತಪ್ಪಿಸಬಹುದು.

ಒಂದು, ಮಂತ್ರಿಯಾದವನು ಮತ್ತೆ ಮತದಾರರ ಮುಂದೆ ಹೋಗಬೇಕಿತ್ತು. ಪಟ್ಟಿಯಲ್ಲಿ "ರಾಜೀನಾಮೆ, ಉಪಚುನಾವಣೆ, ಮರು ಆಯ್ಕೆ" ಎಂದು ಕಂಡರೆ ಹಗರಣ ಹುಡುಕಲು ಹೊರಡಬೇಡಿ, ಆ ವಾರ ಅವನಿಗೆ ಖಾತೆ ಸಿಕ್ಕಿತೇ ಎಂದು ನೋಡಿ. ಕಾರ್ತಿಯೆ 1848ರ ಏಪ್ರಿಲ್‌ನಲ್ಲಿ ವರ್ಶೇರ್‌ನಿಂದ ಮೊದಲು ಗೆದ್ದರು. 1855ರ ಆರಂಭದಲ್ಲಿ ಪ್ರಾಂತ್ಯದ ಕಾರ್ಯದರ್ಶಿಯಾದಾಗ ಮತ್ತೆ ಅದೇ ಮತದಾರರ ಮುಂದೆ ನಿಂತರು. ಈ ನಿಯಮವನ್ನು ದಾಟಿದ ಪ್ರಸಿದ್ಧ ಪ್ರಸಂಗ 1858ರ ಆಗಸ್ಟ್‌ನದು. ಒಂದು ತಿಂಗಳೊಳಗೆ ಬೇರೆ ಖಾತೆ ಹಿಡಿದರೆ ಮರುಚುನಾವಣೆ ಬೇಡ ಎಂಬ ಸಂದು ಕಾಯ್ದೆಯಲ್ಲಿತ್ತು. ಎದುರು ಪಕ್ಷದ ಬ್ರೌನ್-ದೊರಿಯೊಂ ಸರ್ಕಾರ ಎರಡೇ ದಿನಕ್ಕೆ ಬಿದ್ದ ಮೇಲೆ, ಅದಕ್ಕೆ ಮುಂಚಿನ ಸರ್ಕಾರದಲ್ಲಿದ್ದ ಕಾರ್ತಿಯೆ, ಮ್ಯಾಕ್‌ಡೊನಾಲ್ಡ್ ಮತ್ತವರ ಜೊತೆಗಾರರು ಹೊಸ ಖಾತೆಗಳ ಪ್ರಮಾಣವಚನ ಪಡೆದು, ಕೂಡಲೇ ತಮ್ಮ ಹಳೆಯ ಕುರ್ಚಿಗಳಿಗೆ ಮರಳಿದರು. ಖಾತೆಗಳ ಪಟ್ಟಿಯಲ್ಲಿ ಒಂದೇ ದಿನ ಬಾಳಿದ ಮಂತ್ರಿಗಿರಿ ಕಂಡರೆ ಅಚ್ಚಿನ ದೋಷವೆಂದು ಅಳಿಸಬೇಡಿ.

ಎರಡು, 1874ಕ್ಕೆ ಮುಂಚಿನ ಸಾರ್ವತ್ರಿಕ ಚುನಾವಣೆ ಒಂದೇ ದಿನದ್ದಲ್ಲ. 1872ರದ್ದು ಜುಲೈಯಿಂದ ಅಕ್ಟೋಬರ್‌ವರೆಗೆ ಎಳೆಯಿತು. ಮಾಂಟ್ರಿಯಲ್ ಪೂರ್ವದಲ್ಲಿ ಲೂಯಿ-ಅಮಾಬ್ಲ್ ಜೆತ್ತೆ ಎಂಬ ವಕೀಲರ ಎದುರು ಸೋತ ಕಾರ್ತಿಯೆ ಸೆಪ್ಟೆಂಬರ್‌ನಲ್ಲಿ ಮ್ಯಾನಿಟೋಬಾದ ಪ್ರೊವಾಂಶೆಯಿಂದ ಅವಿರೋಧವಾಗಿ ಗೆದ್ದುಬಂದರು, ಅಲ್ಲಿ ನಿಂತಿದ್ದ ಸ್ಥಳೀಯ ನಾಯಕ ಲೂಯಿ ರಿಯೆಲ್ ಹಿಂದೆ ಸರಿದಿದ್ದರಿಂದ. ಅಂದಮೇಲೆ ಕ್ಷೇತ್ರದ ಹೆಸರನ್ನು ವಾಸದ ಊರೆಂದು ತಿಳಿಯುವಂತಿಲ್ಲ. ಲಾಫೊಂತೇನ್ 1841ರಲ್ಲಿ ಗೆದ್ದದ್ದು ಟೊರಾಂಟೊ ಬಳಿಯ ಯಾರ್ಕ್‌ನಲ್ಲಿ. ತೆರ್ಬೊನ್‌ನಲ್ಲಿ ಮತಗಟ್ಟೆಯನ್ನು ದೊಣ್ಣೆ ಹಿಡಿದವರು ಆಕ್ರಮಿಸಿದ್ದರಿಂದ ಅವರು ಅಲ್ಲಿಂದ ಹಿಂದೆ ಸರಿದಿದ್ದರು.

ಮೂರು, ಗುಪ್ತ ಮತದಾನ ಒಟ್ಟಾವಾ ಸಂಸತ್ತಿಗೆ ಬಂದದ್ದು 1874ರಲ್ಲಿ, ಕ್ವಿಬೆಕ್ ಸಭೆಗೆ 1875ರಲ್ಲಿ. ಅದಕ್ಕೆ ಮುಂಚೆ ಮತದಾರ ಎದ್ದುನಿಂತು ಹೆಸರು ಹೇಳುತ್ತಿದ್ದ, ಗುಮಾಸ್ತ ಬರೆದುಕೊಳ್ಳುತ್ತಿದ್ದ. ಉಳಿದಿರುವ ಮತಪುಸ್ತಕಗಳಲ್ಲಿ ಯಾರು ಯಾರಿಗೆ ಹಾಕಿದರು ಎಂಬುದು ಸಾಲುಸಾಲಾಗಿದೆ. ನೋಟರಿ ಕಡತದ ಸಾಲಗಾರರ ಹೆಸರುಗಳನ್ನು ಅದರ ಪಕ್ಕ ಇಟ್ಟು ನೋಡಿ. 1849ರ ಕಾಯ್ದೆ ಮುಚ್ಚುವವರೆಗೆ ಕೆಳ ಕೆನಡಾದಲ್ಲಿ ಆಸ್ತಿಯುಳ್ಳ ಹೆಂಗಸರ ಮತಗಳೂ ಅಲ್ಲಲ್ಲಿ ದಾಖಲಾಗಿವೆ.

1867ರಿಂದ 1874ರವರೆಗೆ ಒಬ್ಬರೇ ಒಟ್ಟಾವಾದಲ್ಲೂ ಕ್ವಿಬೆಕ್‌ನಲ್ಲೂ ಸದಸ್ಯರಾಗಿರಬಹುದಿತ್ತು. ಕಾರ್ತಿಯೆ ಹಾಗೇ ಇದ್ದರು. ಎರಡು ಸಭೆಗಳ ಸಾಲುಗಳನ್ನು ಒಂದೇ ಅಂಕಣದಲ್ಲಿ ಬೆರೆಸಬೇಡಿ.

ಭಾಷಣ ಮತ್ತು ಪತ್ರಿಕೆ

ಈಗ ಮಾತುಗಳಿಗೆ ಬರಬಹುದು. ಸಂಯುಕ್ತ ಪ್ರಾಂತ್ಯದ ಸಭೆಗೆ ನಿಯಮಿತ ಅಧಿಕೃತ ಚರ್ಚಾ ವರದಿ ಇರಲಿಲ್ಲ. ದೊಡ್ಡ ಅಪವಾದ ವಸಾಹತುಗಳನ್ನು ಕೂಡಿಸಿ ಕೆನಡಾ ಒಕ್ಕೂಟ ಕಟ್ಟುವ ಬಗ್ಗೆ ನಡೆದ 1865ರ ಒಕ್ಕೂಟ ಚರ್ಚೆಗಳು, ಸಾವಿರ ಪುಟ ಮೀರುವ ಸಂಪುಟ, ಎರಡೂ ಭಾಷೆಗಳಲ್ಲಿ ಅಚ್ಚಾಗಿದೆ. 1867ರಿಂದ 1874ರವರೆಗಿನ ಒಟ್ಟಾವಾ ಚರ್ಚೆಗಳನ್ನು ಪತ್ರಿಕೆಗಳಿಂದ ಆಮೇಲೆ ಪುನಾರಚಿಸಿದ್ದಾರೆ. ಆದ್ದರಿಂದ ಉಲ್ಲೇಖ ಚಿಹ್ನೆಯೊಳಗೆ ಹಾಕುವ ಮುಂಚೆ ಮೂಲ ಯಾವ ಪತ್ರಿಕೆಯೆಂದು ನೋಡಿ. ಲಾ ಮಿನೆರ್ವ್ ಕಾರ್ತಿಯೆಯ "ನೀಲಿ" (ಸಂಪ್ರದಾಯವಾದಿ) ಪಕ್ಷದ್ದು, ಲ ಪೇಯಿ (1852–1871) "ಕೆಂಪು" (ಉದಾರವಾದಿ) ಪಕ್ಷದ್ದು. ಒಂದರಲ್ಲಿ "ಚಪ್ಪಾಳೆಯ ಮಳೆ" ಆದದ್ದು ಇನ್ನೊಂದರಲ್ಲಿ ಗದ್ದಲವಾಗಿರುತ್ತದೆ. ಎರಡರಲ್ಲೂ ಒಂದೇ ರೀತಿ ಬಂದ ವಾಕ್ಯವನ್ನು ನಂಬಬಹುದು. 1837ರಿಂದ 1842ರವರೆಗೆ ಲಾ ಮಿನೆರ್ವ್ ನಿಂತುಹೋಗಿತ್ತು, ಆ ವರ್ಷಗಳಲ್ಲಿ ಅದರಲ್ಲಿ ಹುಡುಕಿ ಫಲವಿಲ್ಲ.

ಸಭೆಯಲ್ಲಿ ಮನೆತನದ ಹೆಸರು ಮಾತ್ರ ಹೇಳಿ ಮುಗಿಸುವ ವರದಿಗಳು ಇನ್ನೊಂದು ತೊಡಕು. 1865ರಲ್ಲಿ ಒಕ್ಕೂಟವನ್ನು ವಿರೋಧಿಸಿ ಮಾತಾಡಿದ ದೊರಿಯೊಂ ಇಬ್ಬರು, ಅಣ್ಣತಮ್ಮಂದಿರು: ಒಷ್ಲಾಗಾ ಕ್ಷೇತ್ರದ ವಕೀಲ ಆಂತ್ವಾನ್-ಎಮೆ, ಡ್ರಮಂಡ್-ಅರ್ತಬಾಸ್ಕಾದ ಪತ್ರಕರ್ತ ಜ್ಯಾಂ-ಬತಿಸ್ತ್-ಎರಿಕ್. ಹೆಸರಿಗಿಂತ ಕ್ಷೇತ್ರವೇ ಗುರುತು.

ಸಭೆಯ ಕಾಗದಗಳಲ್ಲಿ ತೂತುಗಳಿದ್ದರೆ ಬೆಂಕಿಯ ದಿನಾಂಕಗಳನ್ನು ನೋಡಿ. 1849ರ ಏಪ್ರಿಲ್ 25ರಂದು ಗಲಭೆಕೋರರು ಮಾಂಟ್ರಿಯಲ್ ಸಂಸತ್ತನ್ನು ಗ್ರಂಥಾಲಯ ಸಮೇತ ಸುಟ್ಟರು, ಕ್ವಿಬೆಕ್ ನಗರದ ಸಭಾಭವನಗಳು 1854 ಮತ್ತು 1883ರಲ್ಲಿ ಸುಟ್ಟವು.

ವಕೀಲಿಕೆಯ ಆದಾಯಕ್ಕೂ ರಾಜಕಾರಣಕ್ಕೂ ಇರುವ ಕೊಂಡಿಯನ್ನು ತೀರ್ಪುಗಳ ವರದಿಗಳಲ್ಲಿ ಹುಡುಕಿ. 1850ರ ದಶಕದಿಂದ ಅವು ಸಾಲಾಗಿ ಅಚ್ಚಾಗಿವೆ, ಪ್ರತಿ ಮೊಕದ್ದಮೆಯ ಕೊನೆಗೆ ವಕೀಲರ ಹೆಸರಿದೆ. ಕಾರ್ತಿಯೆ 1853ರಿಂದ ಗ್ರ್ಯಾಂಡ್ ಟ್ರಂಕ್ ರೈಲು ಕಂಪನಿಯ ವಕೀಲರು, ಜೊತೆಗೆ ಶಾಸನಸಭಾ ಸದಸ್ಯರು. ಕಂಪನಿಯ ಮೊಕದ್ದಮೆಗಳ ದಿನಾಂಕವನ್ನೂ ರೈಲು ಮಸೂದೆಗಳ ದಿನಾಂಕವನ್ನೂ ಒಂದೇ ಕೋಷ್ಟಕದಲ್ಲಿ ಇಡಿ, ತೀರ್ಮಾನ ಓದುಗರಿಗೆ ಬಿಡಿ. 1872ರ ಜುಲೈ 30ರಂದು ಹಡಗು ಒಡೆಯ ಹ್ಯೂ ಅಲನ್‌ಗೆ ಕಾರ್ತಿಯೆ ಬರೆದ ಪತ್ರ, ರೈಲು ಗುತ್ತಿಗೆಯ ಆಸೆಗೆ ಚುನಾವಣೆಗೆ ಹಣ ಕೊಟ್ಟ ಪೆಸಿಫಿಕ್ ಹಗರಣದ ವಿಚಾರಣೆಯಲ್ಲಿ ಬಯಲಾಯಿತು. 1873ರ ಆಯೋಗದ ಸಾಕ್ಷ್ಯಗಳು ಅಚ್ಚಿನಲ್ಲಿವೆ, ಸಾರಾಂಶ ಓದದೆ ಅವನ್ನೇ ಓದಿ.

ಸಾವು, ಉಯಿಲು

ಕಾರ್ತಿಯೆ 1873ರ ಮೇ 20ರಂದು ಲಂಡನ್ನಿನಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ದೇಹ ಹಡಗಿನಲ್ಲಿ ಬಂತು, ಅಂತ್ಯಕ್ರಿಯೆ ಜೂನ್ 13ರಂದು ಮಾಂಟ್ರಿಯಲ್‌ನಲ್ಲಿ. ಹೀಗಾಗಿ ಮರಣದ ನೋಂದಣಿ ಇಂಗ್ಲೆಂಡಿನಲ್ಲಿ, ಸಮಾಧಿಯ ನಮೂದು ಮಾಂಟ್ರಿಯಲ್ ಚರ್ಚಿನಲ್ಲಿ. ಸಮಾಧಿಯ ದಿನದಿಂದ ಎರಡು ದಿನ ಹಿಂದಕ್ಕೆ ಎಣಿಸಿ ಸಾವಿನ ದಿನ ಹಾಕುವ ಅಭ್ಯಾಸ ಇಂಥ ಕಡೆ ಕೈಕೊಡುತ್ತದೆ.

ಉಯಿಲು ಮೂರು ಬಗೆ: ನೋಟರಿ ಮುಂದೆ ಮಾಡಿದ್ದು, ಪೂರ್ತಿ ಸ್ವಂತ ಕೈಬರಹದ್ದು, ಸಾಕ್ಷಿಗಳ ಮುಂದೆ ಇಂಗ್ಲಿಷ್ ಪದ್ಧತಿಯಲ್ಲಿ ಮಾಡಿದ್ದು. ಮೊದಲನೆಯದು ನೋಟರಿ ಕಡತದಲ್ಲೇ ಇರುತ್ತದೆ, ಉಳಿದೆರಡಕ್ಕೆ ನ್ಯಾಯಾಲಯದ ಪರಿಶೀಲನೆ ಬೇಕಾಗಿದ್ದರಿಂದ ನ್ಯಾಯಾಲಯದ ಪುಸ್ತಕ ನೋಡಬೇಕು. ಉಯಿಲನ್ನು ಕೊನೆಗೆ ಓದಬೇಡಿ, ಸಿಕ್ಕ ಕೂಡಲೇ ಓದಿ. ಕಾರ್ತಿಯೆಯ ಉಯಿಲಿನಲ್ಲಿ ಹಿಂದಿನ ಸ್ಪೀಕರ್ ಒಬ್ಬರ ಮಗಳು ಲೂಸ್ ಕ್ಯುವಿಲಿಯೆಗೆ ಕೊಟ್ಟದ್ದಿದೆ. ಹೆಂಡತಿಯೊಂದಿಗಿನ ಬದುಕು ಎಂದೋ ಬೇರೆಯಾಗಿತ್ತು ಎನ್ನುವುದು ಅಲ್ಲಿಂದ ಸ್ಪಷ್ಟ. ಇದನ್ನು ಯಾವ ಪತ್ರಿಕೆಯ ಶ್ರದ್ಧಾಂಜಲಿಯೂ ಹೇಳಲಿಲ್ಲ.

ಆಸ್ತಿ ಪಟ್ಟಿ, ಸಾಲಪತ್ರ, ಮನೆ ಮಾರಾಟ ಮುಂದಿನ ಕೆಲವು ವರ್ಷಗಳ ನೋಟರಿ ಕಡತದಲ್ಲಿ ಹರಡಿಕೊಂಡಿರುತ್ತವೆ. ಓರ್ತಾನ್ಸ್ ಮತ್ತು ಹೆಣ್ಣುಮಕ್ಕಳು ಆಮೇಲೆ ಬಾಳಿದ್ದು ಫ್ರಾನ್ಸಿನಲ್ಲಿ. ಅಲ್ಲಿ ಜನನ-ಮರಣದ ಪುಸ್ತಕ ಚರ್ಚಿನದ್ದಲ್ಲ, ಪುರಸಭೆಯದ್ದು, ಆದ್ದರಿಂದ ಹುಡುಕಾಟ ಆ ಊರಿನ ಮೇಯರ್ ಕಚೇರಿಯ ದಾಖಲೆಗಳಿಂದ ಶುರುವಾಗಬೇಕು.